ಚುಕ್ಕೆ ಇಟ್ಟ ಮುಖ

ಜನವರಿ 8, 2025, ಬುಧವಾರ

ಕೊನೆಗೂ ಬಂದವು. ನಾಲ್ಕು ಹರಳು, ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು. ಇದಕ್ಕಾಗಿ ಎರಡು ವರ್ಷ ಕಾದಿದ್ದೇನೆ. ಉತ್ತರದ ಆ ವೇಗವರ್ಧಕ ಕೇಂದ್ರದವರು ನಮ್ಮಂಥ ಕಾಲೇಜಿಗೆ ಮೂರು ಪಾಳಿ ಯಂತ್ರ ಬಿಟ್ಟುಕೊಡುವುದೆಂದರೆ ಧರ್ಮದರ್ಶನದ ಸಾಲಿನಲ್ಲಿ ನಿಂತ ಹಾಗೆ. ನಮ್ಮ ಸರದಿ ಬರುವ ಹೊತ್ತಿಗೆ ಬಾಗಿಲು ಹಾಕುವ ಸಮಯವಾಗಿರುತ್ತದೆ.

ನೋಡಲು ಏನೂ ಆದಂತೆ ಕಾಣುವುದಿಲ್ಲ. ಹೀಲಿಯಂ ಕಣಗಳು ಹರಳಿನ ಒಂದು ಮುಖದಿಂದ ನುಗ್ಗಿ, ಕೂದಲೆಳೆಯ ಹದಿನೈದರಲ್ಲಿ ಒಂದು ಪಾಲಿನಷ್ಟು ಆಳಕ್ಕೆ ಹೋಗಿ ನಿಂತು, ನಿಂತ ಜಾಗವನ್ನು ಕೆಡಿಸಿವೆ. ಆ ಕೆಟ್ಟ ಪದರವನ್ನು ದಾಟಿ ಬೆಳಕು ಕೆಳಗಿಳಿಯಲಾರದು. ಮೇಲ್ಮೈಗೂ ಆ ಪದರಕ್ಕೂ ನಡುವೆ ಸಿಕ್ಕಿಕೊಂಡು ಉದ್ದಕ್ಕೆ ಹರಿಯುತ್ತದೆ. ಹತ್ತು ವರ್ಷದಿಂದ ನಾನು ಮಾಡುತ್ತಿರುವ ಪಿಎಚ್‌ಡಿ ಎಂದರೆ ಇಷ್ಟೇ.

ಕಣಗಳು ಹೊಕ್ಕ ಮುಖ ಯಾವುದು ಎಂದು ಕಣ್ಣಿಗೆ ಗೊತ್ತಾಗದು. ಅದಕ್ಕೇ ನಮ್ಮ ಲ್ಯಾಬಿನಲ್ಲಿ ಹಿಂಬದಿಯ ಮೂಲೆಗೆ ಪೆನ್ಸಿಲಿನಿಂದ ಗುರುತು ಹಾಕುವ ಪದ್ಧತಿ. ಗುರುತಿದ್ದರೆ ಬೆನ್ನು, ಇಲ್ಲದಿದ್ದರೆ ಮುಖ.

ಮೊದಲ ಎರಡರಲ್ಲಿ ಕಣಗಳ ಪ್ರಮಾಣ ಕಡಿಮೆ, ಬೆಳಕು ಸೋರುತ್ತದೆ. ಮೂರು ಮತ್ತು ನಾಲ್ಕು ಚೆನ್ನಾಗಿವೆ. ಮೂರನೆಯದನ್ನು ಪ್ರಿಸಂಗೆ ಒತ್ತಿ ಕೆಂಪು ಲೇಸರ್ ಬಿಟ್ಟಾಗ ಪರದೆಯ ಮೇಲಿನ ಬೆಳಕಿನಲ್ಲಿ ಐದು ಕಪ್ಪು ಗೆರೆ ಬಂದವು. ಬೆಳಕು ಒಳಗೆ ಸಿಕ್ಕಿಬಿದ್ದಿದೆ ಎಂಬುದಕ್ಕೆ ಅದೇ ಸಾಕ್ಷಿ. ಖುಷಿಯಾಗಬೇಕಿತ್ತು. ಸದ್ಯ, ಮುಗಿಯುತ್ತದಲ್ಲ ಎನ್ನಿಸಿತು, ಅಷ್ಟೇ.

ಪ್ರಬಂಧ ಸಲ್ಲಿಸಲು ಫೆಬ್ರವರಿ 28 ಕೊನೆಯ ದಿನ. ಇನ್ನು ಐವತ್ತೊಂದು ದಿನ. ಡಾಕ್ಟರೇಟ್ ಇಲ್ಲದವರು ಜೂನ್‌ನಿಂದ ಪಾಠ ಮಾಡುವಂತಿಲ್ಲ ಎಂದು ಕಾಲೇಜಿನ ಆಡಳಿತದವರು ಸುತ್ತೋಲೆ ಹೊರಡಿಸಿದ್ದಾರೆ. ಹದಿನೇಳು ವರ್ಷ ಪಾಠ ಮಾಡಿದ ನಾನು, ಕಲಾವತಿ ಮೇಡಂ, ಸ್ಟೋರ್ ರೂಮಿನ ಬೀಗದ ಕೈ ಹಿಡಿದು ಕೂರಬೇಕು.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು ಬೆಲ್ಲ ಕಲೆಸುತ್ತಾ ಅತ್ತೆ ಕೇಳಿದರು, “ಅಲ್ಲ ಕಣವ್ವ, ಅತ್ತು ವರ್ಷ ಆಯ್ತು, ಏನ್ ಓದ್ತಾ ಇದೀಯ ನೀನು?”

“ಗಾಜಿನಂಥ ಹರಳೊಳಗೆ ಬೆಳಕಿಗೆ ಒಂದು ಕಾಲುವೆ ಮಾಡ್ತಿದೀವಿ ಅತ್ತೆ.”

“ಜಕ್ಕೂರ್ ಕೆರೆ ಕಾಲ್ವೇನೇ ಮುಚ್ಚಾಕಿದ್ರು, ನೀನು ಗಾಜ್ನಾಗೆ ಕಾಲ್ವೆ ತೋಡ್ತೀಯಾ? ಓಗ್ಲಿ ಬುಡು, ಈ ತಟ್ಟೆ ಇಡ್ಕೋ.”

ಅತ್ತೆ ಮುನಿಯಲ್ಲಮ್ಮನವರ ಮುಂದೆ ಯಾವ ಪರೀಕ್ಷಕರೂ ಏನೂ ಅಲ್ಲ. ನನ್ನ ಗಂಡ ಸುಬ್ರಮಣಿ ನಕ್ಕರು. ನನಗೂ ನಗು ಬಂತು, ಬಹಳ ದಿನದ ಮೇಲೆ.

ಜನವರಿ 22, ಬುಧವಾರ

ಹರಳಿನ ಅಂಚು ಕನ್ನಡಿಯಂತಾಗದೆ ಅದರೊಳಗೆ ಬೆಳಕು ಬಿಡಲಾಗದು. ನಮ್ಮ ಪಾಲಿಶ್ ಯಂತ್ರ ಕೆಟ್ಟು ಮೂರು ವರ್ಷ. ದುರಸ್ತಿಯ ಫೈಲು ಮಾತ್ರ ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇದೆ, ಯಂತ್ರ ಯಾವತ್ತೂ ಅಷ್ಟು ಚೆನ್ನಾಗಿ ತಿರುಗಿರಲಿಲ್ಲ.

ಪಕ್ಕದ ಕಾಲೇಜಿನವರು ಹೇಳಿದ ವಿಳಾಸ ಹಿಡಿದು ಗಂಗಾನಗರದ ಒಂದು ಕನ್ನಡಕದಂಗಡಿಗೆ ಹೋದೆ. ಮುಜಫ್ಫರ್ ಅಂತ ಒಬ್ಬ ಮುದುಕ. ಹಿಂದೆ ಯಶವಂತಪುರದ ಕಡೆ ದುರ್ಬೀನಿನ ಕಾರ್ಖಾನೆಯೊಂದರಲ್ಲಿ ಇದ್ದನಂತೆ. ಅದು ಮುಚ್ಚಿದ ಮೇಲೆ ಈ ಅಂಗಡಿ. ಹಿಂದಿನ ಕೋಣೆಯಲ್ಲಿ ಒಂದು ಚಕ್ರ, ಕಪ್ಪು ಅರಗು, ಡಬ್ಬಿಯಲ್ಲಿ ಗುಲಾಬಿ ಬಣ್ಣದ ಪುಡಿ. ಈ ಭಾಗದ ಕಾಲೇಜುಗಳ ಲ್ಯಾಬಿನ ಗಾಜೆಲ್ಲ ಇವನ ಹತ್ತಿರವೇ ಬರುತ್ತದಂತೆ. ಮಗಳು ಸಬೀರಾ ಮುಂದೆ ಗಲ್ಲಾದಲ್ಲಿ ಕೂತು ಗಿರಾಕಿಗಳನ್ನು ನೋಡಿಕೊಳ್ಳುತ್ತಾಳೆ.

ಮೂರು ಸಲ ಹೇಳಿದೆ. ಪೆನ್ಸಿಲ್ ಗುರುತು ಇರುವುದು ಬೆನ್ನು. ಇನ್ನೊಂದು ಮುಖ ಮುಟ್ಟಬಾರದು. ಅದು ಒಂದಿಷ್ಟು ತೇದರೂ ನನ್ನ ಹತ್ತು ವರ್ಷ ತೇದು ಹೋಗುತ್ತದೆ.

“ಮುಖ ಮುಟ್ಟಲ್ಲ ಮೇಡಂ. ಅಂಚು ಮಾತ್ರ. ಎರಡು ವಾರ ಬೇಕು,” ಎಂದ.

“ಒಂದು ವಾರದಲ್ಲಿ ಆಗಲ್ವಾ?”

“ಆಗುತ್ತೆ. ಚಕ್ಕೆ ಏಳುತ್ತೆ. ಪರವಾಗಿಲ್ವಾ?”

ಧಿಮಾಕಿಗೇನೂ ಕಡಿಮೆಯಿಲ್ಲ. ಬೇರೆ ದಾರಿಯಿಲ್ಲದೆ ಮೂರು ಮತ್ತು ನಾಲ್ಕನ್ನು ಕೊಟ್ಟು ಬಂದೆ. ಇನ್ನು ಮೂವತ್ತೇಳು ದಿನ.

ಫೆಬ್ರವರಿ 4, ಮಂಗಳವಾರ

ಹರಳು ತಂದೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಮುಕ್ಕಾಲು ಗಂಟೆ ನಿಂತ ಬಸ್ಸಿನಲ್ಲಿ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಅಂಗಡಿಯಲ್ಲಿದ್ದಾಗಲೇ ನನ್ನ ಮಾರ್ಗದರ್ಶಕ ಯೋಗಾನಂದ ಸರ್ ಫೋನು. ಅಧ್ಯಾಯ ಐದು ಎಲ್ಲಿ, ಮೇ ತಿಂಗಳಲ್ಲಿ ರಿಟೈರ್ ಆಗುವವನು ನಾನೋ ನೀವೋ, ಎಂದು. ಅವರಿಗೂ ನಾನೇ ಕೊನೆಯ ವಿದ್ಯಾರ್ಥಿ, ನನ್ನನ್ನು ಮುಗಿಸಿ ಹೋಗಬೇಕು.

ಆ ಮುಜಫ್ಫರ್ ಮಧ್ಯೆ ಏನೋ ಹೇಳುತ್ತಿದ್ದ, ಹರಳು ಅಂಟಿಸಿದ್ದ ಮೇಣ ತೊಳೆದೆ, ಪೆನ್ಸಿಲ್ ಹೋಯಿತು, ಚುಕ್ಕೆ ಗಿಕ್ಕೆ ಅಂತ. ಆಯ್ತು ಆಯ್ತು ಎಂದು ಕೈಯಾಡಿಸಿ ಡಬ್ಬಿ ಎತ್ತಿಕೊಂಡು ಬಂದೆ.

ಅಂಚುಗಳು ಚೆನ್ನಾಗಿವೆ. ಒಪ್ಪಬೇಕು. ಸೂಕ್ಷ್ಮದರ್ಶಕದಲ್ಲೂ ಒಂದು ಚಕ್ಕೆ ಕಾಣಲಿಲ್ಲ. ಬೆನ್ನಿನ ಮೂಲೆಗೆ ಪೆನ್ಸಿಲ್ ಬದಲು ಹಸಿರು ಶಾಯಿಯ ಚುಕ್ಕೆ ಇಟ್ಟಿದ್ದಾನೆ.

ಫೆಬ್ರವರಿ 6, ಗುರುವಾರ

ಗೆರೆ ಇಲ್ಲ.

ಮೂರನೆಯದರಲ್ಲಿ ಒಂದೂ ಇಲ್ಲ. ಪ್ರಿಸಂ ಒರೆಸಿದೆ, ಮತ್ತೆ ಒತ್ತಿದೆ, ಲೇಸರ್ ಸರಿಮಾಡಿದೆ. ಮಧ್ಯಾಹ್ನ ಊಟ ಬಿಟ್ಟು ಕೋನ ತಿರುಗಿಸುತ್ತಾ ಕೂತೆ. ಪರದೆ ಮೇಲೆ ಬರೀ ಕೆಂಪು. ನಾಲ್ಕನೆಯದನ್ನೂ ಹಾಗೇ ಇಟ್ಟು ನೋಡಿದೆ. ಅದೂ ಬರೀ ಕೆಂಪು.

ಸರ್ ಬಂದು ನೋಡಿದರು. “ಪದರ ತೇದು ತೆಗೆದಿದ್ದಾನೆ ಕಲಾವತಿ. ಕನ್ನಡಕದವನಿಗೆ ಮೈಕ್ರಾನ್ ಏನು ಗೊತ್ತಾಗಬೇಕು? ಹೊಳಪು ಬರಲಿ ಅಂತ ಮುಖಾನೂ ಉಜ್ಜಿದ್ದಾನೆ.”

ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು ಅನ್ನುತ್ತಾರೆ. ಇಲ್ಲಿ ಎರಡು ಅಗುಳೂ ನೋಡಿಯಾಯಿತು. ಇನ್ನು ಇಪ್ಪತ್ತೆರಡು ದಿನ.

ಫೆಬ್ರವರಿ 7, ಶುಕ್ರವಾರ

ಹೋಗಿ ಬೈದು ಬಂದೆ.

ನಮಾಜಿಗೆ ಹೋಗಿದ್ದ. ಬರುವವರೆಗೆ ನಿಂತೇ ಇದ್ದೆ. ಅಂಗಡಿಯಲ್ಲಿ ಐದಾರು ಜನ ಇದ್ದರು. ಇರಲಿ ಎಂದುಕೊಂಡು ಎಲ್ಲರೆದುರೇ ಕೇಳಿದೆ. ಗೊತ್ತಿಲ್ಲದ ಕೆಲಸ ಯಾಕೆ ಒಪ್ಪಿಕೊಂಡಿರಿ? ಮುಟ್ಟಬೇಡಿ ಅಂದದ್ದನ್ನೇ ಮುಟ್ಟಿ ಒಬ್ಬಳ ಹತ್ತು ವರ್ಷ ಹಾಳು ಮಾಡಿದಿರಿ. ಇವರಿಗೆ ಗಾಜು ಕೊಡುವವರು ಯೋಚನೆ ಮಾಡಿ ಕೊಡಿ ಎಂದು ಗಿರಾಕಿಗಳ ಕಡೆಯೂ ತಿರುಗಿ ಹೇಳಿದೆ. ಬಾಯಿಗೆ ಬಂದದ್ದೆಲ್ಲ ಬಂತು.

ಅವನು ಜಗಳಕ್ಕೇ ಬರಲಿಲ್ಲ. ಟೋಪಿ ತೆಗೆದು ಮಡಿಸಿ ಜೇಬಿಗಿಟ್ಟುಕೊಂಡು, “ನಾನು ಆ ಮುಖ ಮುಟ್ಟಿಲ್ಲ ಮೇಡಂ,” ಎಂದ. ಆಮೇಲೆ, “ಆದ್ರೆ ನೋಡೋ ಮಿಷಿನ್ ನಿಮ್ಮತ್ರ ಇದೆ. ನನ್ನತ್ರ ಕಣ್ಣಿದೆ, ಅಷ್ಟೇ.”

ಮಗಳು ಗಲ್ಲಾದಿಂದ ಎದ್ದು ನಿಂತಿದ್ದಳು. ಬಸ್ಸಿನಲ್ಲಿ ಬರುವಾಗ ಮನಸ್ಸು ಹಗುರವಾಗಿತ್ತು.

ಫೆಬ್ರವರಿ 12, ಬುಧವಾರ

ಸರ್ ವಿಶ್ವವಿದ್ಯಾಲಯದ ಸಮಿತಿಗೆ ಪತ್ರ ಬರೆದರು. ಹೊರಗಿನ ಕುಶಲಕರ್ಮಿಯ ತಪ್ಪಿನಿಂದ ಮಾದರಿಗಳು ನಾಶವಾಗಿವೆ, ವಿದ್ಯಾರ್ಥಿನಿಯದೇನೂ ತಪ್ಪಿಲ್ಲ, ಕಾಲಾವಕಾಶ ಕೊಡಿ ಎಂದು. ಅಂಗಡಿಯ ಹೆಸರು, ವಿಳಾಸವನ್ನೂ ಸೇರಿಸಿದರು. ನಾನು ಕೆಳಗೆ ಸಹಿ ಹಾಕಿದೆ.

ಸಂಜೆಯೊಳಗೆ ಒಪ್ಪಿಗೆ ಬಂತು. ಏಪ್ರಿಲ್ 10. ಹತ್ತು ವರ್ಷದಲ್ಲಿ ಆ ಆಫೀಸಿನಿಂದ ಅದೇ ದಿನ ಉತ್ತರ ಬಂದದ್ದು ಇದೇ ಮೊದಲು. ಪತ್ರದ ಪ್ರತಿಯನ್ನು ಸರ್ ನಮ್ಮ ಸೋಲದೇವನಹಳ್ಳಿಯ ಉಳಿದ ಕಾಲೇಜುಗಳ ವಿಭಾಗಗಳಿಗೂ ಕಳಿಸಿದರಂತೆ, ಎಚ್ಚರಿಕೆಗೆ.

ಫೆಬ್ರವರಿ 19, ಬುಧವಾರ

ಹದವಾಗಿ ಕಾಯಿಸಿದರೆ ಹರಳಿನೊಳಗೆ ಬೆಳಕಿನ ನಷ್ಟ ತಗ್ಗುತ್ತದೆ. ಎರಡನೆಯದನ್ನಾದರೂ ಹಾಗೆ ಕಾಯಿಸಿ ನೋಡಬೇಕು, ಆದರೆ ನಮ್ಮ ಕುಲುಮೆ ತಣ್ಣಗಾಗುವಾಗ ಹರಳು ಸೀಳುತ್ತದೆಂದು ಭಯ. ಹೇಗೂ ಸತ್ತಿರುವ ಮೂರನೆಯದನ್ನು ಪರೀಕ್ಷೆಗೆ ಹಾಕಿ ಎಂದರು ಸರ್. ಬೇಕಾದುದಕ್ಕಿಂತ ಹೆಚ್ಚೇ ಕಾಯಿಸಿದೆ, ಆರುನೂರು ಡಿಗ್ರಿ, ನಾಲ್ಕು ಗಂಟೆ. ಸೀಳಲಿಲ್ಲ. ಕೆಲಸಕ್ಕೆ ಬಾರದ್ದಕ್ಕೆ ಆಯಸ್ಸು ಗಟ್ಟಿ.

ಫೆಬ್ರವರಿ 27, ಗುರುವಾರ

ಆಂತರಿಕ ಪರೀಕ್ಷೆ. ಅರವತ್ತೆಂಟು ಉತ್ತರ ಪತ್ರಿಕೆ. ಸೊಂಟ ನೋವು. ಬರೆಯಲು ಏನೂ ಇಲ್ಲ.

ಮಾರ್ಚ್ 5, ಬುಧವಾರ

ಸಬೀರಾ ಫೋನ್ ಮಾಡಿದ್ದಳು. ಕ್ಲಾಸು ಮುಗಿಸಿ ಬಂದು ನೋಡಿದರೆ ಆರು ಮಿಸ್ಡ್ ಕಾಲ್.

“ಮೇಡಂ, ನಾಲ್ಕು ಕಾಲೇಜಿಂದ ಕೆಲಸ ವಾಪಸ್ ಹೋಯ್ತು. ನೀವು ಕೊಟ್ಟ ಲೆಟರ್ ಅಂತೆ. ಅಬ್ಬಾ ರಂಜಾನ್ ರೋಜಾ ಇಟ್ಕೊಂಡು ಚಕ್ರದ ಮುಂದೆ ಸುಮ್ನೆ ಕೂತಿರ್ತಾರೆ.”

ನಾನೇನು ಮಾಡಲಿ ಎಂದೆ.

“ಅವರು ಚುಕ್ಕೆ ಇಟ್ಟ ಮುಖ ಮುಟ್ಟೋದೇ ಇಲ್ಲ ಮೇಡಂ. ಫ್ಯಾಕ್ಟರಿ ಕಾಲದ ಅಭ್ಯಾಸ. ನಲವತ್ತು ವರ್ಷದಲ್ಲಿ ಒಂದು ಸಲಾನೂ ಮುಟ್ಟಿಲ್ಲ.”

“ಚುಕ್ಕೆ ಇಟ್ಟಿರೋದು ಬೆನ್ನಿಗೆ ಕಣಮ್ಮಾ. ಅದನ್ನ ಕಾಪಾಡಿ ಇನ್ನೊಂದು ಕಡೆ ತೇದಿದ್ದಾರೆ, ಅದೇ ಅಲ್ವಾ ನಾನು ಹೇಳ್ತಿರೋದು?”

ಅವಳು ಫೋನಿಟ್ಟಳು. ಅವಳೇ ಸಾಕ್ಷಿ ಕೊಟ್ಟ ಹಾಗಾಯಿತು. ಆದರೂ ಆಮೇಲೆ ಚಹಾ ಸೇರಲಿಲ್ಲ.

ಮಾರ್ಚ್ 13, ಗುರುವಾರ

ಅಧ್ಯಾಯ ಐದು ಇಪ್ಪತ್ತು ಪುಟಕ್ಕೆ ಬಂದಿದೆ. ಅರ್ಧ ಬರೀ ಉಲ್ಲೇಖಗಳು. “ಮೂರು ಮತ್ತು ನಾಲ್ಕನೆಯ ಮಾದರಿಗಳು ಹೊರಗಿನ ಪಾಲಿಶ್‌ನಲ್ಲಿ ನಾಶವಾದವು” ಎಂಬ ವಾಕ್ಯವನ್ನು ಎಲ್ಲಿ ಹಾಕಿದರೂ ಪುಟದಲ್ಲಿ ಅದೇ ಎದ್ದು ಕಾಣುತ್ತದೆ. ಇನ್ನು ಇಪ್ಪತ್ತೆಂಟು ದಿನ. ಎಷ್ಟು ಬೇಗ ಮುಗಿದರೆ ಅಷ್ಟು ಒಳ್ಳೆಯದು. ಆಮೇಲೆ ಒಂದು ತಿಂಗಳು ಮಲಗುತ್ತೇನೆ.

ಮಾರ್ಚ್ 21, ಶುಕ್ರವಾರ

ನಾಶವಾದ ಮಾದರಿಯದೊಂದು ಫೋಟೋ ಇರಲಿ, ಪರೀಕ್ಷಕರು ಕೇಳಿದರೆ ತೋರಿಸೋಣ ಎಂದರು ಸರ್. ನಾಲ್ಕನೆಯದನ್ನು ತೆಗೆದೆ. ಚಿಮಟಿಗೆ ಜಾರಿ ಮೇಜಿನ ಮೇಲೆ ಬಿತ್ತು. ಸತ್ತದ್ದಕ್ಕೆ ಪೆಟ್ಟೇನು ಎಂದು ಎತ್ತಿ ಹಾಗೇ ಪ್ರಿಸಂಗೆ ಒತ್ತಿದೆ.

ಐದು ಗೆರೆ.

ಲೇಸರ್ ಆರಿಸಿ ಮತ್ತೆ ಹೊತ್ತಿಸಿದೆ. ಐದೇ. ಹರಳು ತೆಗೆದು ನೋಡಿದರೆ ಹಸಿರು ಚುಕ್ಕೆ ಪ್ರಿಸಂನ ಕಡೆಗಿತ್ತು. ನಾನು ಬೆನ್ನು ಎಂದುಕೊಂಡಿದ್ದ ಕಡೆ.

ಮೇಣ ತೊಳೆದಾಗ ನನ್ನ ಪೆನ್ಸಿಲ್ ಗುರುತು ಅಳಿಸಿತ್ತು. ಮುಟ್ಟಬಾರದ ಮುಖಕ್ಕೆ ಅವನು ಚುಕ್ಕೆ ಇಟ್ಟಿದ್ದ. ಅವರ ಕಸುಬಿನಲ್ಲಿ ಗುರುತು ಇಡುವುದು ಕಾಪಾಡಬೇಕಾದ ಮುಖಕ್ಕೆ, ನಮ್ಮಲ್ಲಿ ಬೆನ್ನಿಗೆ. ಆ ದಿನ ಅದನ್ನೇ ಹೇಳುತ್ತಿದ್ದ, ನಾನು ಕೈಯಾಡಿಸಿದೆ. ಮೊನ್ನೆ ಮಗಳು ಬಾಯಿಬಿಟ್ಟು ಹೇಳಿದಳು, ಆಗಲೂ ಗೊತ್ತಾಗಲಿಲ್ಲ. ಎಂಥ ಪೆದ್ದಿ ನಾನು. ಒಂದು ಸಲ, ಒಂದೇ ಒಂದು ಸಲ ತಿರುಗಿಸಿ ನೋಡಲಿಲ್ಲ.

ಮೂರನೆಯದನ್ನು ತೆಗೆದು ಚುಕ್ಕೆಯ ಕಡೆ ಒತ್ತಿದೆ. ಶಾಯಿ ಕುಲುಮೆಯಲ್ಲಿ ಸುಟ್ಟು ಕಂದು ಕಲೆಯಾಗಿತ್ತು. ಗೆರೆ ಇಲ್ಲ. ಆರುನೂರು ಡಿಗ್ರಿಯಲ್ಲಿ ಆ ಪದರ ಪೂರ್ತಿ ಮಾಸಿಹೋಗಿದೆ. ಎರಡು ವರ್ಷ ಕಾದು ತರಿಸಿದ್ದನ್ನು ನಾನೇ ಬೇಯಿಸಿ ಕೊಂದೆ.

ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಅತ್ತುಬಿಟ್ಟೆ.

ಮಾರ್ಚ್ 24, ಸೋಮವಾರ

ಸರ್‌ಗೆ ಹೇಳಿದೆ. ಮೊದಲು ಐದು ಗೆರೆ ನೋಡಿ ಸಂತೋಷಪಟ್ಟರು. “ನಾಲ್ಕನೆಯದು ಬದುಕಿದೆಯಲ್ಲ! ಅಧ್ಯಾಯ ಐದಕ್ಕೆ ಜೀವ ಬಂತು. ಅಂಚಿನಿಂದ ಬೆಳಕು ಬಿಟ್ಟು ನಷ್ಟ ಅಳೆಯಿರಿ, ಮುಗಿಯಿತು.”

“ಮುಜಫ್ಫರ್ ವಿಷಯ ಸರ್? ಅವರದ್ದು ತಪ್ಪಿರಲಿಲ್ಲ.”

“ಅದನ್ನ ಯಾಕೆ ಕೆದಕ್ತೀರಿ?”

“ಸಮಿತಿಗೆ ಬರೆದಿದ್ದೀವಲ್ಲ.”

ಸರ್ ಎದ್ದು ಹೋಗಿ ಬಾಗಿಲು ಹಾಕಿ ಬಂದರು. “ನೋಡಿ ಕಲಾವತಿ, ಸ್ವಲ್ಪ ಪ್ರಾಕ್ಟಿಕಲ್ ಆಗಿರಿ. ನಿಮಗೆ ಟೈಮ್ ಸಿಕ್ಕಿರೋದೇ ಆ ಪತ್ರದ ಮೇಲೆ. ಅದು ಸುಳ್ಳು ಅಂತ ನೀವೇ ಹೇಳಿದ್ರೆ ಎಕ್ಸ್‌ಟೆನ್ಷನ್ ಬಿದ್ದುಹೋಗುತ್ತೆ. ಅದರ ಜೊತೆ ನೀವೂ. ಮೂರನೇದು ನಾಶವಾಯ್ತು, ನಾಲ್ಕನೇದು ಉಳೀತು ಅಂತ ಬರೀರಿ. ಯಾರು ಕೇಳ್ತಾರೆ?”

ಕೆಟ್ಟ ಮನುಷ್ಯರಲ್ಲ ಅವರು. ನನ್ನ ಮಗುವಿಗೆ ಜ್ವರ ಬಂದಾಗ ನನ್ನ ತರಗತಿಗಳನ್ನು ತಾವೇ ತೆಗೆದುಕೊಂಡವರು. ಸರಿ ಸರ್ ಎಂದು ಹೊರಗೆ ಬಂದೆ.

ಮಾರ್ಚ್ 26, ಬುಧವಾರ

ಊಟ ಯಾಕೆ ಬಿಟ್ಟಿದೀಯ ಎಂದು ಸುಬ್ರಮಣಿ ಕೇಳಿದರು. ಎಲ್ಲ ಹೇಳಿದೆ. ಯಶವಂತಪುರ ಸ್ಟೇಷನ್ನಿನಲ್ಲಿ ಸಿಗ್ನಲ್ ಕೆಲಸ ಮಾಡುವವರು, ತಪ್ಪನ್ನು ಯಾರ ತಲೆಗೆ ಕಟ್ಟುತ್ತಾರೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

“ಮೊದ್ಲು ಸಬ್ಮಿಟ್ ಮಾಡು. ಜೂನ್ ಆದ್ಮೇಲೆ ಹೋಗಿ ಕಾಲಿಗೆ ಬಿದ್ದು ಸಾರಿ ಕೇಳು. ನಾನೂ ಬರ್ತೀನಿ.”

ಒಳ್ಳೆಯ ಉಪಾಯ. ಒಪ್ಪಿಕೊಂಡೆ. ಎರಡು ಚಪಾತಿ ತಿಂದೆ.

ಮಾರ್ಚ್ 28, ಶುಕ್ರವಾರ

ಜೂನ್‌ವರೆಗೆ ಅವರು ಚಕ್ರದ ಮುಂದೆ ಸುಮ್ಮನೆ ಕೂತಿರಬೇಕೇ? ಆಮೇಲೆ ಕೇಳುವ ಕ್ಷಮೆಗೆ ಏನು ಬೆಲೆ, ನನ್ನ ಕೆಲಸ ಆಗಿಹೋಗಿರುತ್ತದೆ. ನಾಲ್ಕನೆಯ ಹರಳನ್ನು ಡಬ್ಬಿಯಿಂದ ತೆಗೆದೆ, ಅಳೆಯದೆ ಒಳಗಿಟ್ಟೆ. ಅಷ್ಟು ಚೆನ್ನಾಗಿ ಮಾಡಿದ ಅಂಚಿನ ಮೇಲೆ ಬೆಳಕು ಬಿಡಲು ನನಗೆ ಮುಖವಿಲ್ಲ.

ಮಾರ್ಚ್ 30, ಭಾನುವಾರ

ಯುಗಾದಿ. ಒಬ್ಬಟ್ಟು ಮಾಡುತ್ತಾ ಎರಡನ್ನು ಸೀಯಿಸಿದೆ. ಅತ್ತೆ ಲಟ್ಟಣಿಗೆ ಕಿತ್ತುಕೊಂಡರು. “ಓಗಿ ಅದೇನ್ ಬರೀಬೇಕೋ ಬರಿ ಓಗವ್ವ. ಇಂಗೆ ಮನೆವ್ರನ್ನೆಲ್ಲ ಉರಿಸ್‌ಬೇಡ.”

ಬರೆದೆ. ಐದು ಸಾಲು. ಮಾದರಿಯ ಮುಖ ಗುರುತಿಸುವುದರಲ್ಲಿ ತಪ್ಪಿದವಳು ನಾನು, ಸರಿಯಾಗಿದ್ದ ಮಾದರಿಯನ್ನು ಕುಲುಮೆಗೆ ಹಾಕಿದವಳೂ ನಾನು, ಗಂಗಾನಗರದ ಮುಜಫ್ಫರ್ ಅವರ ಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ, ಫೆಬ್ರವರಿ 12ರ ಪತ್ರವನ್ನು ಹಿಂದಕ್ಕೆ ಪಡೆಯುತ್ತೇನೆ.

ನಾಳೆ ರಂಜಾನ್. ರಜೆ ಕಳೆದ ಮೇಲೆ ಹೋಗಬೇಕು.

ಏಪ್ರಿಲ್ 2, ಬುಧವಾರ

ನಿನ್ನೆ ಸಮಿತಿಯ ಕಚೇರಿಗೆ ಕೊಟ್ಟು ಮುದ್ರೆ ಹಾಕಿಸಿಕೊಂಡೆ. ಮೊದಲ ಪತ್ರ ಹೋಗಿದ್ದ ಕಾಲೇಜುಗಳಿಗೂ ಪ್ರತಿ ಕಳಿಸಿದೆ. ಇವತ್ತು ಪ್ರತಿ ಹಿಡಿದು ಗಂಗಾನಗರಕ್ಕೆ ಹೋದೆ.

ಅಂಗಡಿಯಲ್ಲಿ ನಾಲ್ಕೈದು ಜನ ಇದ್ದರು. ಹಬ್ಬದ ಮಾರನೆಯ ದಿನಗಳಲ್ಲಿ ಕನ್ನಡಕ ಒಡೆದುಕೊಂಡವರು ಜಾಸ್ತಿಯಂತೆ. ಮುಜಫ್ಫರ್ ಅವರು ಒಳಗೆ ಫ್ರೇಮಿಗೆ ಸ್ಕ್ರೂ ಹಾಕುತ್ತಿದ್ದರು. ಚಕ್ರದ ಮೇಲೆ ಬಟ್ಟೆ ಹೊದಿಸಿತ್ತು. ಪತ್ರ ಕೊಟ್ಟೆ. ಕನ್ನಡ ನಿಧಾನಕ್ಕೆ ಓದುತ್ತಾರೆ. ಪೂರ್ತಿ ಓದಿ, ಮಡಿಸಿ, ಸಬೀರಾಗೆ ಕೊಟ್ಟರು.

“ಚುಕ್ಕೆ ಯಾವ ಕಡೆ ಅಂತ ನಾನು ಇನ್ನೊಂದ್ಸಲ ಹೇಳ್ಬೇಕಿತ್ತು,” ಎಂದರು.

“ನೀವು ಹೇಳಿದ್ರಿ. ನಾನು ಕೇಳಲಿಲ್ಲ.”

ಸಬೀರಾ ಓದಿದಳು. ಕಣ್ಣೆತ್ತಿ ನನ್ನನ್ನು ನೋಡಿದ ರೀತಿಗೆ ಕೂತಿದ್ದವಳು ಎದ್ದು ನಿಂತೆ. “ಚೆನ್ನಾಗಿ ಬರ್ದಿದೀರಾ ಮೇಡಂ. ಆದ್ರೆ ಅವತ್ತು ನೀವು ಬೈದಿದ್ದು ಕಾಗದದಲ್ಲಲ್ಲ. ಇಲ್ಲಿ ನಿಂತ್ಕೊಂಡು. ಎಲ್ರ ಮುಂದೆ.”

“ಸಬೀರಾ,” ಎಂದರು ಅವರು.

“ಇರ್ಲಿ ಅಬ್ಬಾ.”

ಅವಳ ಕೈಯಿಂದ ಪತ್ರ ತೆಗೆದುಕೊಂಡೆ. ಅಂಗಡಿಯ ಮುಂಭಾಗಕ್ಕೆ ಬಂದು, ಕೂತಿದ್ದವರ ಕಡೆ ತಿರುಗಿ, ತರಗತಿಯಲ್ಲಿ ಓದುವಷ್ಟು ಗಟ್ಟಿಯಾಗಿ ಓದಿದೆ. ಹದಿನೇಳು ವರ್ಷ ಪಾಠ ಮಾಡಿದವಳು ಐದು ಸಾಲು ಓದುವಾಗ ಎರಡು ಸಲ ತಡವರಿಸಿದೆ. ಒಬ್ಬ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು. ಪಕ್ಕದ ಬೇಕರಿಯ ದಾಸಪ್ಪ, ಅವತ್ತೂ ಅಲ್ಲೇ ಇದ್ದವರು, ಬಾಗಿಲಲ್ಲಿ ನಿಂತು ಕೇಳಿದರು. ಓದಿ ಮುಗಿದಾಗ ಒಬ್ಬ ಮುದುಕರು, “ಅದೆಲ್ಲ ಸರಿ ಕಣಮ್ಮ, ನನ್ ಕನ್ನಡಕ ಆಯ್ತಾ?” ಎಂದರು.

ಸಬೀರಾ ನಗಲಿಲ್ಲ. ನನಗೆ ನೀರೂ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ.

ಏಪ್ರಿಲ್ 9, ಬುಧವಾರ

ಸಮಿತಿಯ ಮುಂದೆ ಹತ್ತು ನಿಮಿಷ. ಹೀಗೆ ಬರೆಯಿರಿ ಎಂದು ನಿಮಗೆ ಯಾರಾದರೂ ಒತ್ತಾಯ ಮಾಡಿದರೇ ಎಂದು ಕೇಳಿದರು. ಇಲ್ಲ ಎಂದೆ. ಮೊದಲ ಪತ್ರ ಬರೆದದ್ದು ಯಾರು? ಸಹಿ ನನ್ನದು ಎಂದೆ. ಯೋಗಾನಂದ ಸರ್ ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಕಾಲಾವಕಾಶ ರದ್ದು. ಅದರ ಜೊತೆ ನೋಂದಣಿಯೂ ರದ್ದು. ಬೇಕಿದ್ದರೆ ಹೊಸದಾಗಿ ಅರ್ಜಿ ಹಾಕಬಹುದಂತೆ. ಕಾರಿಡಾರಿನಲ್ಲಿ ಸರ್ ನನ್ನನ್ನು ದಾಟಿ ಮೆಟ್ಟಿಲಿಳಿದು ಹೋದರು, ಹಿಂತಿರುಗಿ ನೋಡಲಿಲ್ಲ. ಅವರ ಕೊನೆಯ ವಿದ್ಯಾರ್ಥಿನಿ ಹೀಗೆ ಮುಗಿದಳು. ಅದಕ್ಕೆ ಮಾತ್ರ ಬಹಳ ನೋವಾಯಿತು.

ಮನೆಗೆ ಬಂದು ಹಾಡಹಗಲೇ ಮಲಗಿದೆ. ಅತ್ತೆ ಎಬ್ಬಿಸಲಿಲ್ಲ.

ಏಪ್ರಿಲ್ 15, ಮಂಗಳವಾರ

ಜೂನ್ 2ರಿಂದ ಸ್ಟೋರ್ಸ್ ಜವಾಬ್ದಾರಿ. ಆದೇಶ ಬಂತು. ಸಹಿ ಹಾಕಿ ತೆಗೆದುಕೊಂಡೆ. ಎರಡನೇ ವರ್ಷದ ಮಕ್ಕಳಿಗೆ ಬೆಳಕಿನ ಪಾಠ ಅರ್ಧಕ್ಕೆ ನಿಂತಿದೆ, ಮೇ ಕೊನೆಯೊಳಗೆ ಮುಗಿಸಬೇಕು.

ಸಂಜೆ ಮುಜಫ್ಫರ್ ಸಾಹೇಬರ ಫೋನು. “ಮೇಡಂ, ಆ ನಾಲ್ಕನೇದು ಏನಾಯ್ತು?”

“ಡಬ್ಬೀಲಿದೆ.”

“ಬೆಳಕು ಬಿಟ್ಟು ನೋಡ್ಲಿಲ್ವಾ?”

“ನೋಡಿ ಏನ್ಮಾಡಲಿ ಸಾಹೇಬ್ರೇ, ಯಾರಿಗೆ ಕೊಡಲಿ?”

“ಅದು ನಿಮ್ ವಿಷಯ. ನನ್ ಅಂಚು ಹೆಂಗೆ ಬಂತು ಅಂತ ನನಗೆ ಗೊತ್ತಾಗ್ಬೇಕಲ್ಲ.”

ಅದೂ ನಿಜ. ಶನಿವಾರ ಬನ್ನಿ ಎಂದೆ.

ಏಪ್ರಿಲ್ 19, ಶನಿವಾರ

ಎರಡು ಬಸ್ಸು ಬದಲಾಯಿಸಿ ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಸಬೀರಾ ಬರಲಿಲ್ಲ. ಗೇಟಿನಲ್ಲಿ ಕಾವಲಿನವನು ಯಾರನ್ನು ನೋಡಬೇಕೆಂದು ಕೇಳಿದಾಗ, “ನನ್ ಕೆಲಸ ನೋಡೋಕೆ ಬಂದಿದೀನಿ,” ಎಂದರಂತೆ.

ಹರಳನ್ನು ನಿನ್ನೆಯೇ ಇನ್ನೂರು ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿಟ್ಟಿದ್ದೆ. ಕುಲುಮೆಯ ಪಕ್ಕದಿಂದ ಅಲುಗಾಡದೆ ಕೂತಿದ್ದೆ. ಲೇಸರ್ ಕಿರಣವನ್ನು ಮಸೂರದಿಂದ ಸಣ್ಣದು ಮಾಡಿ ಅಂಚಿಗೆ ತಾಗಿಸಲು ಒಂದು ಗಂಟೆ ಹಿಡಿಯಿತು. ಅವರು ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು, ಒಂದು ಸಲವೂ ಎಷ್ಟು ಹೊತ್ತು ಎನ್ನಲಿಲ್ಲ. ಎರಡು ವಾರ ಬೇಕು ಎಂದವರಲ್ಲವೇ, ಕಾಯುವುದು ಗೊತ್ತಿತ್ತು. ತಿರುಪು ತಿರುಗಿಸುವಾಗ ಕಿರಣ ಎರಡು ಸಲ ಅಂಚಿನಿಂದ ಜಾರಿದಾಗ, “ಉಸಿರು ಬಿಟ್ಟು ತಿರುಗಿಸಿ,” ಎಂದರು. ಹಾಗೆ ಮಾಡಿದೆ.

ಆ ಕಡೆಯ ಅಂಚಿನಿಂದ ಕೆಂಪು ಗೆರೆಯೊಂದು ಬಿಳಿ ಕಾಗದದ ಮೇಲೆ ಬಿತ್ತು. ತೆಳ್ಳಗೆ, ನೇರಕ್ಕೆ, ಎಲ್ಲೂ ಚೆದುರದೆ.

ಅವರು ಎದ್ದು ಬಂದು ಬಗ್ಗಿ ನೋಡಿದರು. ತಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಇದು ನನ್ ಅಂಚಿಂದ ಬಂದಿದ್ದಾ?”

“ಒಂದು ಅಂಚಿಂದ ಹೋಗಿ ಇನ್ನೊಂದರಿಂದ ಬಂದಿದೆ. ಎರಡೂ ನಿಮ್ಮದೇ.”

ಕಾಗದದ ಮೇಲಿನ ಗೆರೆಯಿಂದ ಕಣ್ಣು ತೆಗೆಯದೆ ಹೇಳಿದರು, “ನಲವತ್ತು ವರ್ಷ ಗಾಜು ಉಜ್ಜಿದೀನಿ ಮೇಡಂ. ಮುಗಿದ ತಕ್ಷಣ ಯಾರೋ ಬಂದು ತಗೊಂಡು ಹೋಗೋರು. ಅದರೊಳಗೆ ಏನ್ ಹೋಗುತ್ತೆ ಅಂತ ಕರೆದು ತೋರಿಸಿದವರು ಯಾರೂ ಇಲ್ಲ.”

ನಷ್ಟ ಅಳೆಯೋಣವೇ ಎಂದೆ. ಮೀಟರಿನ ಅಂಕಿಯನ್ನು ಅವರು ಓದಿ ಹೇಳಿದರು, ನಾನು ಬರೆದುಕೊಂಡೆ. ಸೆಂಟಿಮೀಟರಿಗೆ ಒಂದು ಡೆಸಿಬೆಲ್‌ಗಿಂತ ಕಡಿಮೆ ಬಂತು. ಹತ್ತು ವರ್ಷದಲ್ಲಿ ಈ ಲ್ಯಾಬಿನಲ್ಲಿ ಇಷ್ಟು ಒಳ್ಳೆಯ ಅಂಕಿ ಬಂದಿಲ್ಲ. ಈಗ ಇದನ್ನು ಯಾರಿಗೂ ಸಲ್ಲಿಸಬೇಕಾಗಿಲ್ಲ. ಆದರೂ ನಂಬಿಕೆಯಾಗದೆ ಮೂರು ಸಲ ಅಳೆದೆವು.